ನಮ್ಮ ಲ್ಯಾಬಿನ ಗುಳ್ಳೆ ಬಾಟಲಿ ಮತ್ತು ಜೋಸೆಫ್ ಪ್ರೀಸ್ಟ್ಲಿ

ಜೀವಶಾಸ್ತ್ರ ಲ್ಯಾಬಿನ ಕಿಟಕಿಯ ಬಳಿ ಇರುವ ಗಾಜಿನ ತೊಟ್ಟಿಯನ್ನು ನೋಡದವರು ನಮ್ಮ ಕಾಲೇಜಿನಲ್ಲಿ ಇರಲಾರರು. ಕಳೆದ ವರ್ಷದ ವಿಜ್ಞಾನ ಪ್ರದರ್ಶನಕ್ಕೆಂದು ನಾವು ಐದು ಮಂದಿ ಸೇರಿ ಇಟ್ಟ ತೊಟ್ಟಿ ಅದು. ಒಳಗೆ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಗಿಡಗಳು, ಆರು ಗಪ್ಪಿ ಮೀನುಗಳು. ಗಿಡಗಳು ಬೇಗ ಬೆಳೆಯಲಿ ಎಂದು ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡುವ ಏರ್ಪಾಡನ್ನೂ ಮಾಡಿದ್ದೆವು. ಎರಡು ಖಾಲಿ ಜ್ಯೂಸ್ ಬಾಟಲಿ, ಒಂದರಲ್ಲಿ ಸಿಟ್ರಿಕ್ ಆಸಿಡ್, ಇನ್ನೊಂದರಲ್ಲಿ ಅಡುಗೆ ಸೋಡಾ, ಮುಚ್ಚಳಕ್ಕೆ ತೂತು ಕೊರೆದು ಸಿಕ್ಕಿಸಿದ ಪೈಪು. ಖರ್ಚು ಕಡಿಮೆ, ನೋಡಲು ಚಂದ.

ಮೊದಲ ದಿನ ಗುಳ್ಳೆಯೇ ಬರಲಿಲ್ಲ. ಎರಡನೆಯ ದಿನ ಬಂದ ಗುಳ್ಳೆ ಮಧ್ಯಾಹ್ನಕ್ಕೆ ನಿಂತು, ತೊಟ್ಟಿಯ ನೀರೇ ಪೈಪಿನ ಮೂಲಕ ಬಾಟಲಿಗೆ ಇಳಿಯಿತು. ಮೂರನೆಯ ದಿನ ಹಟಕ್ಕೆ ಬಿದ್ದು ಗಾಳಿಯನ್ನು ಜೋರಾಗಿ ಬಿಟ್ಟು, ಹಾಗೆಯೇ ಬೀಗ ಹಾಕಿಕೊಂಡು ಮನೆಗೆ ಹೋದೆವು. ನಾಲ್ಕನೆಯ ದಿನ ಬೆಳಿಗ್ಗೆ ಅಟೆಂಡರ್ ಲ್ಯಾಬ್ ತೆರೆದಾಗ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಎರಡು ಸತ್ತಿದ್ದವು. ಯಾರ ತಪ್ಪು ಎಂದು ನಮ್ಮೊಳಗೆ ಜಗಳವೂ ಆಯಿತು. ಸರ್ ಗದರಲಿಲ್ಲ. ಈ ಬಾಟಲಿ ಕೆಲಸವನ್ನು ಮೊದಲು ಮಾಡಿದ ಮನುಷ್ಯನ ಬಗ್ಗೆ ಓದಿಕೊಂಡು ಬನ್ನಿ, ಆಮೇಲೆ ಜಗಳವಾಡಿ ಎಂದು ಹೇಳಿ ಕಳುಹಿಸಿದರು. ಈ ಲೇಖನ ಆ ಓದಿನಿಂದ ಹುಟ್ಟಿದ್ದು.

ಜೋಸೆಫ್ ಪ್ರೀಸ್ಟ್ಲಿಯವರ ಹೆಸರು ನಮಗೆಲ್ಲ ಗೊತ್ತು. ಪ್ರಥಮ ಪಿಯುಸಿಯ ದ್ಯುತಿಸಂಶ್ಲೇಷಣೆ ಪಾಠದಲ್ಲಿ ಗಾಜಿನ ಗಂಟೆಜಾಡಿ, ಮೇಣದಬತ್ತಿ, ಇಲಿ, ಪುದೀನ ಗಿಡ ಇರುವ ಚಿತ್ರದ ಪಕ್ಕದಲ್ಲಿ ಅವರು ಬರುತ್ತಾರೆ, ಐದಾರು ಸಾಲುಗಳಲ್ಲಿ ಹೋಗಿಬಿಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವರ ಬದುಕು ಆ ಐದಾರು ಸಾಲುಗಳಿಗಿಂತ ಬಹಳ ದೊಡ್ಡದು.

ಅವರು ಹುಟ್ಟಿದ್ದು 1733ರ ಮಾರ್ಚ್ ತಿಂಗಳಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಲೀಡ್ಸ್ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಉಣ್ಣೆ ಬಟ್ಟೆಯನ್ನು ಹದಗೊಳಿಸುವ ಕೆಲಸದವರು. ಆರು ಮಕ್ಕಳಲ್ಲಿ ಹಿರಿಯವರು ಜೋಸೆಫ್. ಆರೇಳು ವರ್ಷಕ್ಕೆಲ್ಲ ತಾಯಿ ತೀರಿಕೊಂಡರು. ಮುಂದೆ ತಂದೆಯ ಅಕ್ಕ ಅವರನ್ನು ಸಾಕಿದರು. ಆರೋಗ್ಯ ಅಷ್ಟಕ್ಕಷ್ಟೇ, ಮೇಲಾಗಿ ಮಾತಿನಲ್ಲಿ ತೊದಲು. ಆದರೆ ಭಾಷೆಗಳನ್ನು ಕಲಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು. ಫ್ರೆಂಚ್, ಇಟಾಲಿಯನ್, ಜರ್ಮನ್ ತಾವಾಗಿಯೇ ಓದಿಕೊಂಡರು. ಸಿರಿಯಾಕ್ ಮತ್ತು ಸ್ವಲ್ಪ ಅರಬಿಯನ್ನೂ ಅಭ್ಯಾಸ ಮಾಡಿದ್ದರು.

ಅವರ ಮನೆಯವರು ಇಂಗ್ಲೆಂಡಿನ ಸರಕಾರಿ ಚರ್ಚಿಗೆ ಸೇರದವರು. ಇಂಥವರನ್ನು ಅಲ್ಲಿ ಡಿಸೆಂಟರ್ಸ್, ಅಂದರೆ ಭಿನ್ನಮತೀಯರು ಎಂದು ಕರೆಯುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಅವರಿಗೆ ಪದವಿ ಸಿಗುತ್ತಿರಲಿಲ್ಲ. ಆದ್ದರಿಂದ ಆ ಸಮುದಾಯದವರು ತಮ್ಮ ಮಕ್ಕಳಿಗಾಗಿ ತಾವೇ ಶಾಲೆಗಳನ್ನೂ ಅಕಾಡೆಮಿಗಳನ್ನೂ ಕಟ್ಟಿಕೊಂಡಿದ್ದರು. ವಿಚಿತ್ರವೆಂದರೆ ವಿಜ್ಞಾನ, ಚರಿತ್ರೆ, ಆಧುನಿಕ ಭಾಷೆಗಳಂಥ ವಿಷಯಗಳನ್ನು ಈ ಅಕಾಡೆಮಿಗಳೇ ಹೆಚ್ಚು ಉತ್ಸಾಹದಿಂದ ಕಲಿಸುತ್ತಿದ್ದವು. ಪ್ರೀಸ್ಟ್ಲಿ 1752ರಲ್ಲಿ ಡ್ಯಾವೆಂಟ್ರಿಯ ಅಕಾಡೆಮಿಗೆ ಸೇರಿ ಓದಿದರು, ಪಾದ್ರಿಯಾದರು. ಮೊದಲ ಊರಿನಲ್ಲಿ ತೊದಲು ಮಾತು, ಎಲ್ಲರಿಗಿಂತ ಬೇರೆಯಾದ ವಿಚಾರಗಳು ಎರಡೂ ಸೇರಿ ಪ್ರವಚನ ಕೇಳಲು ಬರುವವರು ಕಡಿಮೆಯಾಗುತ್ತಾ ಹೋದರು. ಎರಡನೆಯ ಊರು ನ್ಯಾಂಟ್‌ವಿಚ್‌ನಲ್ಲಿ ಒಂದು ಶಾಲೆ ತೆರೆದರು. ಬಡ ಪಾದ್ರಿಯಾದರೂ ದುಡ್ಡು ಉಳಿಸಿ ಒಂದು ಸಣ್ಣ ಏರ್ ಪಂಪು, ಒಂದು ವಿದ್ಯುತ್ ಯಂತ್ರ ಕೊಂಡು ತಂದು ಮಕ್ಕಳ ಕೈಯಲ್ಲೇ ಪ್ರಯೋಗ ಮಾಡಿಸುತ್ತಿದ್ದರಂತೆ. 1761ರಲ್ಲಿ ವಾರಿಂಗ್ಟನ್ ಅಕಾಡೆಮಿಯಲ್ಲಿ ಭಾಷೆಗಳ ಅಧ್ಯಾಪಕರಾದರು. ಮರುವರ್ಷ ಮೇರಿ ವಿಲ್ಕಿನ್ಸನ್ ಅವರನ್ನು ಮದುವೆಯಾದರು.

ಲಂಡನ್ನಿಗೆ ಹೋಗಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಅವರ ಪರಿಚಯವಾಯಿತು. ಅವರ ಪ್ರೋತ್ಸಾಹದಿಂದ ಬರೆದ ವಿದ್ಯುತ್ತಿನ ಚರಿತ್ರೆಯ ಗ್ರಂಥ 1767ರಲ್ಲಿ ಹೊರಬಂತು. ಅದಕ್ಕೆ ಮೊದಲೇ, 1766ರಲ್ಲಿ, ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತ್ತು. ರಸಾಯನಶಾಸ್ತ್ರವನ್ನು ಮಾತ್ರ ಅವರು ಇನ್ನೂ ಮುಟ್ಟಿರಲಿಲ್ಲ ಎಂದೇ ಹೇಳಬಹುದು. ಅದು ಶುರುವಾದದ್ದು ಮನೆ ಬದಲಾಯಿಸಿದ್ದರಿಂದ.

1767ರಲ್ಲಿ ಅವರು ಲೀಡ್ಸ್ ಪಟ್ಟಣದ ಮಿಲ್ ಹಿಲ್ ಪ್ರಾರ್ಥನಾ ಮಂದಿರದ ಪಾದ್ರಿಯಾಗಿ ಬಂದರು. ಮೊದಲಿಗೆ ಸಿಕ್ಕಿದ ಬಾಡಿಗೆ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆ ಇತ್ತು. ಪಾದ್ರಿಯವರು ಅಲ್ಲಿಗೆ ಹೋಗಿ ಬರತೊಡಗಿದರು. ಕುಡಿಯಲಿಕ್ಕಲ್ಲ, ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಹುಳಿಯುತ್ತಿದ್ದ ರಸದ ಮೇಲೆ ನಿಂತಿದ್ದ ಗಾಳಿಯನ್ನು ನೋಡಲಿಕ್ಕೆ. ಕಣ್ಣಿಗೆ ಕಾಣದ ಆ ಗಾಳಿಯ ಪದರ ಸುಮಾರು ಒಂದು ಅಡಿ ದಪ್ಪ ಇತ್ತು. ಉರಿಯುವ ಕಡ್ಡಿಯನ್ನು ಅದರೊಳಗೆ ಇಳಿಸಿದರೆ ಆರುತ್ತಿತ್ತು. ಆರಿದ ಕಡ್ಡಿಯ ಹೊಗೆ ಆ ಪದರದ ಮೇಲೆ ತೇಲಿ, ಅಂಚಿನಿಂದ ಕೆಳಗೆ ಇಳಿಯುತ್ತಿತ್ತು. ಇಂಗಾಲದ ಡೈಆಕ್ಸೈಡ್ ಸಾಮಾನ್ಯ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ ಎಂದು ನಾವು ಬಾಯಿಪಾಠ ಮಾಡುತ್ತೇವೆ. ಅವರು ಅದನ್ನು ಹೊಗೆಯಲ್ಲಿ ಕಂಡರು.

ಈ ಗಾಳಿಯನ್ನು ಅವರಿಗಿಂತ ಮೊದಲೇ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಗುರುತಿಸಿ ಫಿಕ್ಸೆಡ್ ಏರ್ ಎಂದು ಕರೆದಿದ್ದರು, ಅಂದರೆ ವಸ್ತುವಿನೊಳಗೆ ಬಂಧಿಯಾಗಿದ್ದ ಗಾಳಿ. ಪ್ರೀಸ್ಟ್ಲಿ ಮಾಡಿದ ಹೊಸ ಕೆಲಸ ಚಿಕ್ಕದು. ಕೊಪ್ಪರಿಗೆಯ ಮೇಲೆ ಎರಡು ಪಾತ್ರೆ ಹಿಡಿದು, ಒಂದರಿಂದ ಇನ್ನೊಂದಕ್ಕೆ ನೀರನ್ನು ಚಹಾ ಆರಿಸುವ ಹಾಗೆ ಹಲವು ಸಲ ಸುರಿದರು. ಆ ನೀರಿಗೆ ಚುರುಗುಟ್ಟುವ ಹಿತವಾದ ರುಚಿ ಬಂದಿತ್ತು. ಶ್ರೀಮಂತರು ದೂರದ ಖನಿಜ ಬುಗ್ಗೆಗಳಿಗೆ ಪ್ರಯಾಣ ಮಾಡಿ ಕುಡಿದು ಬರುತ್ತಿದ್ದ ನೀರಿನ ರುಚಿ ಅದು.

ಇಲ್ಲಿ ನಮ್ಮ ಮೊದಲ ತಪ್ಪು ನಮಗೆ ಕಂಡಿತು. ಪಾತ್ರೆಯಿಂದ ಪಾತ್ರೆಗೆ ಸುರಿಯುವಾಗ ನೀರು ಒಡೆದು ಹರಡುತ್ತದೆ, ಗಾಳಿಗೆ ತಾಗುವ ಮೈ ಹೆಚ್ಚುತ್ತದೆ, ಗಾಳಿ ಕರಗುತ್ತದೆ. ನಮ್ಮ ಪೈಪಿನ ತುದಿಯಿಂದ ಕಡಲೆ ಗಾತ್ರದ ಗುಳ್ಳೆಗಳು ಹೊರಟು ನೇರ ಮೇಲೆ ಹೋಗಿ ಒಡೆಯುತ್ತಿದ್ದವು. ಗುಳ್ಳೆ ಕಂಡಿತು ಎಂದರೆ ಗಿಡಕ್ಕೆ ಗಾಳಿ ಸಿಕ್ಕಿತು ಎಂದಲ್ಲ. ಇಂಗಾಲದ ಡೈಆಕ್ಸೈಡ್ ನೀರಿನೊಳಗೆ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಅದಕ್ಕಾಗಿಯೇ ಅಕ್ವೇರಿಯಂ ಅಂಗಡಿಗಳಲ್ಲಿ ಸೆರಾಮಿಕ್ ಬಿಲ್ಲೆಯ ಡಿಫ್ಯೂಸರ್ ಮಾರುತ್ತಾರೆ. ಅದು ಗುಳ್ಳೆಯನ್ನು ಮಂಜಿನಷ್ಟು ಸಣ್ಣದಾಗಿ ಒಡೆಯುತ್ತದೆ. ಅದರ ರಂಧ್ರಗಳಲ್ಲಿ ಪಾಚಿ ಕಟ್ಟಿದರೆ ಮತ್ತೆ ಗುಳ್ಳೆ ದಪ್ಪವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಆಗ ಬಿಲ್ಲೆಯನ್ನು ತೆಗೆದು ತೊಳೆಯಬೇಕೇ ಹೊರತು ಬಾಟಲಿಯನ್ನು ಬೈದು ಪ್ರಯೋಜನವಿಲ್ಲ.

ಸ್ವಲ್ಪ ಕಾಲದ ಬಳಿಕ ಪ್ರೀಸ್ಟ್ಲಿ ಆ ಮನೆ ಬಿಟ್ಟರು. ಪಕ್ಕದಲ್ಲಿ ಕೊಪ್ಪರಿಗೆ ಇಲ್ಲ, ಬಿಟ್ಟಿ ಗಾಳಿಯೂ ಇಲ್ಲ. ಹಾಗಾಗಿ ಸೀಮೆಸುಣ್ಣದ ಪುಡಿಯ ಮೇಲೆ ಗಂಧಕಾಮ್ಲ ಹಾಕಿ ಗಾಳಿ ತಯಾರಿಸಿದರು. ಇದರಲ್ಲಿ ಒಂದು ತೊಂದರೆ ಇದೆ. ಸುಣ್ಣದ ಕಣಗಳ ಮೇಲೆ ನೀರಿನಲ್ಲಿ ಕರಗದ ಜಿಪ್ಸಮ್‌ನ ಪದರ ಕೂತು, ಒಳಗಿನ ಸುಣ್ಣಕ್ಕೆ ಆಮ್ಲ ತಾಗುವುದಿಲ್ಲ. ಅದಕ್ಕೆ ಬಾಟಲಿಯನ್ನು ಆಗಾಗ ಅಲ್ಲಾಡಿಸಬೇಕು. ಗಾಜಿನ ಕೊಳವೆ ಜೋಡಿಸಿದ ಬಾಟಲಿಯನ್ನು ಅಲ್ಲಾಡಿಸುವುದು ಹೇಗೆ? ಪ್ರೀಸ್ಟ್ಲಿ ನಡುವೆ ಪ್ರಾಣಿಯೊಂದರ ಒಣಗಿಸಿದ ಮೂತ್ರಕೋಶವನ್ನು ಚೀಲದಂತೆ ಕಟ್ಟಿದರು. ಬಾಟಲಿ ಅಲುಗಾಡಿದರೂ ಮೆದು ಚೀಲ ಅದನ್ನು ತಾಳಿಕೊಳ್ಳುತ್ತದೆ. ಗಾಳಿ ಅದರಲ್ಲಿ ತುಂಬಿದ ಮೇಲೆ ಕೈಯಿಂದ ಹಿಂಡಿದರೆ, ಬೋಗುಣಿಯಲ್ಲಿ ಬೋರಲು ಹಾಕಿದ ನೀರಿನ ಪಾತ್ರೆಗೆ ಗಾಳಿ ಏರುತ್ತದೆ. ಆ ಪಾತ್ರೆಯನ್ನೂ ಚೆನ್ನಾಗಿ ಕುಲುಕಬೇಕು. ಇಷ್ಟನ್ನೂ ಚಿತ್ರ ಸಮೇತ 1772ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳಲಿ ಎಂಬುದು ಅವರ ಇಷ್ಟ. ಈ ಸೋಡಾ ನೀರು ನಾವಿಕರ ಸ್ಕರ್ವಿ ರೋಗವನ್ನು ತಡೆಯಬಹುದು ಎಂದು ಅವರು ನಂಬಿದ್ದರು. ನೌಕಾದಳದವರೂ ಆಸಕ್ತಿ ತೋರಿಸಿದರು. ನಂಬಿಕೆ ತಪ್ಪಾಗಿತ್ತು. ಸ್ಕರ್ವಿಗೆ ಬೇಕಾದದ್ದು ನಿಂಬೆಹಣ್ಣಿನಲ್ಲಿರುವ ಸಿ ವಿಟಮಿನ್, ಗುಳ್ಳೆಯಲ್ಲ.

ತಪ್ಪಿನ ಮಾತು ಬಂದದ್ದರಿಂದ ಡಾಕ್ಟರ್ ನೂತ್ ಅವರ ಸಂಗತಿ ಹೇಳಬೇಕು. ಇದು ನನಗೆ ಬಹಳ ಇಷ್ಟವಾದ ಭಾಗ. ಜಾನ್ ಮರ್ವಿನ್ ನೂತ್ ಎಂಬ ವೈದ್ಯರು 1775ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಪ್ರೀಸ್ಟ್ಲಿಯವರ ಉಪಕರಣದಿಂದ ಬರುವ ನೀರಿಗೆ ಆ ಚೀಲದ ಕೆಟ್ಟ ವಾಸನೆ, ಮೂತ್ರದ ರುಚಿ ಹತ್ತುತ್ತದೆ ಎಂದು ಹೇಳಿದರು. ಬರೇ ದೂರು ಹೇಳಿ ಸುಮ್ಮನಾಗಲಿಲ್ಲ. ಪೂರ್ತಿ ಗಾಜಿನ ಹೊಸ ಉಪಕರಣವನ್ನೇ ಮಾಡಿ ತೋರಿಸಿದರು. ಒಂದರ ಮೇಲೊಂದು ಮೂರು ಗಾಜಿನ ಪಾತ್ರೆ. ಕೆಳಗಿನದರಲ್ಲಿ ಸುಣ್ಣ ಮತ್ತು ಆಮ್ಲ, ನಡುವಿನದರಲ್ಲಿ ನೀರು, ಮೇಲಿನದು ಉಕ್ಕಿದ ನೀರಿಗೆ ಜಾಗ. ಕೆಳಗಿನ ಮತ್ತು ನಡುವಿನ ಪಾತ್ರೆಗಳ ಮಧ್ಯೆ ಗಾಜಿನ ಒಂದು ವಾಲ್ವ್. ಗಾಳಿ ಮೇಲಕ್ಕೆ ಹೋಗಬಹುದು, ನೀರು ಕೆಳಕ್ಕೆ ಇಳಿಯಬಾರದು.

ಪ್ರೀಸ್ಟ್ಲಿಯವರಿಗೆ ಮೊದಲು ಸಿಟ್ಟು ಬಂತು. ತಮ್ಮ ನೀರಿನಲ್ಲಿ ಅಂಥ ರುಚಿಯನ್ನು ಯಾರೂ ಕಂಡಿಲ್ಲ ಎಂದು ವಾದಿಸಿದರು. ಎಷ್ಟೆಂದರೂ ತಾವು ಕಟ್ಟಿದ ಉಪಕರಣ, ಊರಿಗೆಲ್ಲ ಹಂಚಿದ ಉಪಕರಣ. ಆದರೆ ಮುಂದೆ ನೂತ್ ಅವರ ಉಪಕರಣವೇ ಹೆಚ್ಚು ಅನುಕೂಲ ಎಂದು ಅವರೇ ಬಹಿರಂಗವಾಗಿ ಒಪ್ಪಿದರು. ಆ ಗಾಜಿನ ಯಂತ್ರ ಇಂಗ್ಲೆಂಡಿನ ಮನೆಮನೆಗಳಲ್ಲಿ ಬಹಳ ಕಾಲ ಬಳಕೆಯಲ್ಲಿತ್ತು.

ನಮ್ಮ ಎರಡನೆಯ ದಿನದ ಕತೆ ಈ ವಾಲ್ವಿನದ್ದೇ. ಬಾಟಲಿಯಲ್ಲಿ ಗಾಳಿ ಉತ್ಪತ್ತಿ ನಿಂತಾಗ ಒತ್ತಡ ಬೀಳುತ್ತದೆ, ಪೈಪು ಸೈಫನ್ ಆಗಿ ತೊಟ್ಟಿಯ ನೀರನ್ನು ಎಳೆಯುತ್ತದೆ. ಇಪ್ಪತ್ತು ಮೂವತ್ತು ರೂಪಾಯಿಯ ಒಂದು ಚೆಕ್ ವಾಲ್ವ್ ಹಾಕಿದ್ದರೆ ಆಗುತ್ತಿರಲಿಲ್ಲ. ಅದನ್ನು ಹಾಕುವಾಗಲೂ ದಿಕ್ಕು ನೋಡಬೇಕು. ಬಾಯಿಂದ ಊದಿ ನೋಡಿದರೆ ಯಾವ ಕಡೆ ಗಾಳಿ ಹೋಗುತ್ತದೆ ಎಂದು ತಿಳಿಯುತ್ತದೆ. ನಾವು ಎರಡನೆಯ ಸಲ ಉಲ್ಟಾ ಹಾಕಿ, ಗುಳ್ಳೆ ಬರುವುದಿಲ್ಲ ಎಂದು ಅರ್ಧ ದಿನ ಕಳೆದೆವು. ಮೊದಲ ದಿನ ಗುಳ್ಳೆ ಬಾರದಿರಲು ಕಾರಣ ಬೇರೆ, ಮುಚ್ಚಳದ ತೂತಿನಲ್ಲಿ ಸೋರಿಕೆ. ಪೈಪಿನ ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿದಾಗ ಮುಚ್ಚಳದ ಸುತ್ತ ನೊರೆ ಎದ್ದಿತು. ಚೀಲ ಹೇಗೆ ನೀರಿಗೆ ರುಚಿ ಕೊಟ್ಟಿತೋ ಹಾಗೆ ಪೈಪಿನ ವಸ್ತುವೂ ಮುಖ್ಯ. ಮೆತ್ತಗಿನ ಸಿಲಿಕೋನ್ ಪೈಪಿನ ಗೋಡೆಯ ಮೂಲಕವೇ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಹೊರಗೆ ಹೋಗುತ್ತದೆ. ತೂತೇ ಇಲ್ಲದ ಪೈಪು ಸೋರುವುದು ಎಂದರೆ ಇದು.

ವಾಲ್ವಿನ ವಿಷಯದಲ್ಲಿ ನಮ್ಮೂರಿನವರಿಗೆ ಹೊಸದೇನೂ ಇಲ್ಲ. ಪೇಟೆಯ ಗೋಲಿ ಸೋಡಾ ನೋಡಿ. ಬಾಟಲಿಯ ಕುತ್ತಿಗೆಯಲ್ಲಿರುವ ಗೋಲಿಯನ್ನು ಒಳಗಿನ ಗಾಳಿಯ ಒತ್ತಡವೇ ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಆ ಬಾಟಲಿಗೆ ಹೈರಮ್ ಕಾಡ್ ಎಂಬ ಇಂಗ್ಲಿಷಿನವರು 1872ರಲ್ಲಿ ಪೇಟೆಂಟ್ ಪಡೆದರು, ಪ್ರೀಸ್ಟ್ಲಿಯವರ ಪುಸ್ತಕ ಬಂದು ಸರಿಯಾಗಿ ನೂರು ವರ್ಷಕ್ಕೆ. ಸೋಡಾ ನೀರಿನಿಂದ ಹಣ ಮಾಡಿದವರೂ ಬೇರೆಯವರೇ. ಜೇಕಬ್ ಶ್ವೆಪ್ ಜಿನೀವಾದಲ್ಲಿ 1783ರಲ್ಲಿ ಅದರ ವ್ಯಾಪಾರ ಶುರುಮಾಡಿದರು.

ಲೀಡ್ಸ್‌ನಲ್ಲಿಯೇ ಆದದ್ದು ಪುದೀನದ ಪ್ರಯೋಗ. ಮೇಣದಬತ್ತಿ ಉರಿದರೆ ಗಾಳಿ ಕೆಡುತ್ತದೆ, ಪ್ರಾಣಿ ಉಸಿರಾಡಿದರೆ ಕೆಡುತ್ತದೆ. ಹಾಗಾದರೆ ಇಷ್ಟು ಕಾಲದಲ್ಲಿ ಲೋಕದ ಗಾಳಿಯೆಲ್ಲ ಕೆಟ್ಟುಹೋಗಬೇಕಿತ್ತಲ್ಲ, ಏಕೆ ಹೋಗಿಲ್ಲ? ಗಿಡವೂ ಪ್ರಾಣಿಯಂತೆ ಗಾಳಿಯನ್ನು ಕೆಡಿಸುತ್ತದೆ ಎಂದೇ ಅವರು ಮೊದಲು ಎಣಿಸಿದ್ದರು. 1771ರ ಆಗಸ್ಟ್ 17ರಂದು, ಮೇಣದಬತ್ತಿ ಉರಿದು ಆರಿದ ಗಾಳಿಯೊಳಗೆ ಒಂದು ಪುದೀನ ಟಿಸಿಲು ಇಟ್ಟರು. ಅದೇ ತಿಂಗಳ 27ರಂದು ನೋಡಿದರೆ ಆ ಗಾಳಿಯಲ್ಲಿ ಇನ್ನೊಂದು ಮೇಣದಬತ್ತಿ ಚೆನ್ನಾಗಿ ಉರಿಯಿತು. ಒಂದೇ ಗಾಳಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಗಿಡ ಇಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟೂ ನೋಡಿದರು. ಗಿಡ ಇದ್ದ ಪಾಲಿನಲ್ಲಿ ಮಾತ್ರ ಬತ್ತಿ ಉರಿಯಿತು. ಈ ಕೆಲಸಗಳಿಗಾಗಿ ರಾಯಲ್ ಸೊಸೈಟಿ 1773ರಲ್ಲಿ ಅವರಿಗೆ ಕಾಪ್ಲಿ ಪದಕ ಕೊಟ್ಟಿತು. ಅವರ ಉಪಕರಣಗಳೆಂದರೆ ಬಟ್ಟೆ ಒಗೆಯುವ ತೊಟ್ಟಿ, ಗಾಜಿನ ಲೋಟ, ಬಂದೂಕಿನ ನಳಿಗೆ, ಮಣ್ಣಿನ ಚಿಲುಮೆಯ ಕೊಳವೆ ಇಂಥವು. ಜ್ಯೂಸ್ ಬಾಟಲಿ ಇಟ್ಟದ್ದಕ್ಕೆ ನಾವು ನಾಚಿಕೊಳ್ಳಬೇಕಿಲ್ಲ ಎಂದು ಇದನ್ನು ಓದಿದಾಗ ಅನಿಸಿತು.

ಅದೇ ವರ್ಷ ಶೆಲ್ಬರ್ನ್ ಪ್ರಭು ವರ್ಷಕ್ಕೆ 250 ಪೌಂಡ್ ಸಂಬಳಕ್ಕೆ ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಶೆಲ್ಬರ್ನ್ ಅವರ ಬೋವುಡ್ ಬಂಗಲೆಯಲ್ಲಿ 1774ರ ಆಗಸ್ಟ್ 1ರಂದು 12 ಇಂಚಿನ ಮಸೂರದಿಂದ ಬಿಸಿಲನ್ನು ಪಾದರಸದ ಕೆಂಪು ಭಸ್ಮದ ಮೇಲೆ ಬೀಳಿಸಿ, ಅದರಿಂದ ಹೊರಟ ಗಾಳಿಯನ್ನು ಹಿಡಿದರು. ಮೇಣದಬತ್ತಿ ಅದರಲ್ಲಿ ಭಗ್ಗನೆ ಉರಿಯಿತು. ಅದು ಆಮ್ಲಜನಕ. ಸ್ವೀಡನ್ನಿನ ಷೀಲೆ ಇದನ್ನು ಮೊದಲೇ ಪಡೆದಿದ್ದರೂ ಅವರ ಪುಸ್ತಕ ತಡವಾಗಿ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಪ್ರೀಸ್ಟ್ಲಿ ಪ್ಯಾರಿಸಿಗೆ ಹೋದಾಗ ಲವಾಸಿಯೆ ಅವರ ಮನೆಯ ಊಟದಲ್ಲಿ ಈ ಗಾಳಿಯ ವಿಷಯವನ್ನು ಮುಚ್ಚಿಡದೆ ಹೇಳಿದರು. ಅದೇ ಎಳೆಯನ್ನು ಹಿಡಿದು ಲವಾಸಿಯೆ ಹೊಸ ರಸಾಯನಶಾಸ್ತ್ರವನ್ನೇ ಕಟ್ಟಿದರು.

ಇಷ್ಟರಲ್ಲಿ ಪುದೀನದ ಪ್ರಯೋಗಕ್ಕೆ ತೊಡಕು ಬಂತು. ಬೇರೆಯವರು ಮಾಡಿದರೆ ಆಗುತ್ತಿರಲಿಲ್ಲ. ಷೀಲೆಯವರಿಗೆ ಗಿಡ ಗಾಳಿಯನ್ನು ಕೆಡಿಸುವುದೇ ಕಂಡಿತು. ಪ್ರೀಸ್ಟ್ಲಿ 1778ರಲ್ಲಿ ತಾವೇ ಮತ್ತೆ ಮಾಡಿದಾಗಲೂ ಒಮ್ಮೆ ಹೌದು, ಒಮ್ಮೆ ಇಲ್ಲ. ಪದಕ ಬಂದ ಪ್ರಯೋಗ ಕೈಕೊಡುತ್ತಿದೆ ಎಂದು ಅವರು ಅದನ್ನು ಅಡಗಿಸಿಡಲಿಲ್ಲ. ಆಗದೇ ಹೋದ ಪ್ರಯೋಗಗಳನ್ನೂ ಪುಸ್ತಕದಲ್ಲಿ ಬರೆದರು. ನೀರು ತುಂಬಿದ ಸೀಸೆಗಳ ಒಳಮೈಗೆ ಹತ್ತಿದ ಹಸಿರು ವಸ್ತುವಿನಿಂದ ಬಿಸಿಲಿನಲ್ಲಿ ಶುದ್ಧ ಗಾಳಿಯ ಗುಳ್ಳೆ ಏಳುವುದನ್ನೂ ಗಮನಿಸಿದರು. ಅದು ಪಾಚಿ. ಅದು ಗಿಡವೇ ಅಲ್ಲ ಎಂದು ಮೊದಲು ತಿಳಿದು, ಆಮೇಲೆ ತಿದ್ದಿಕೊಂಡರು.

ಗಂಟನ್ನು ಪೂರ್ತಿ ಬಿಡಿಸಿದವರು ಡಚ್ ವೈದ್ಯ ಯಾನ್ ಇಂಗನ್‌ಹೌಸ್. ಪ್ರೀಸ್ಟ್ಲಿಯವರ ಪದಕ ಪ್ರದಾನದ ಭಾಷಣವೇ ಅವರಿಗೆ ಸ್ಫೂರ್ತಿ. 1779ರ ಬೇಸಿಗೆಯಲ್ಲಿ ಲಂಡನ್ ಬಳಿಯ ಒಂದು ಮನೆಯಲ್ಲಿ ಕೂತು ಮೂರು ತಿಂಗಳೊಳಗೆ 500ಕ್ಕೂ ಹೆಚ್ಚು ಪ್ರಯೋಗ ಮಾಡಿದರು. ಎಲೆಗಳನ್ನು ನೀರೊಳಗೆ ಮುಳುಗಿಸಿ, ಮೇಲೆ ಗಾಜಿನ ಪಾತ್ರೆ ಬೋರಲು ಹಾಕಿ ನೋಡಿದರು. ಹಸಿರು ಭಾಗಗಳು ಮಾತ್ರ, ಬೆಳಕಿನಲ್ಲಿ ಮಾತ್ರ, ಶುದ್ಧ ಗಾಳಿ ಬಿಡುತ್ತವೆ. ಬೇಕಾದದ್ದು ಬಿಸಿಲಿನ ಬೆಳಕು, ಕಾವು ಅಲ್ಲ. ಕತ್ತಲೆಯಲ್ಲಿ ಗಿಡವೂ ನಮ್ಮಂತೆ ಗಾಳಿಯನ್ನು ಕೆಡಿಸುತ್ತದೆ. 1782ರಲ್ಲಿ ಜಿನೀವಾದ ಸೆನೆಬಿಯೆ, ಫಿಕ್ಸೆಡ್ ಏರ್ ಇರುವ ನೀರಿನಲ್ಲಿ ಮಾತ್ರ ಎಲೆ ಗುಳ್ಳೆ ಬಿಡುತ್ತದೆ, ಕುದಿಸಿ ಆರಿಸಿದ ನೀರಿನಲ್ಲಿ ಬಿಡುವುದಿಲ್ಲ ಎಂದು ತೋರಿಸಿದರು. ಇಂದು ಅಕ್ವೇರಿಯಂ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುವುದಕ್ಕೆಲ್ಲ ಬುಡ ಇದೇ.

ನಮ್ಮ ಎರಡು ಮೀನುಗಳು ಏಕೆ ಸತ್ತವು ಎಂಬುದು ಇಂಗನ್‌ಹೌಸ್ ಅವರ ಪುಟಕ್ಕೆ ಬಂದಾಗ ತಿಳಿಯಿತು. ರಾತ್ರಿ ಲ್ಯಾಬಿನಲ್ಲಿ ದೀಪ ಇಲ್ಲ. ಗಿಡಗಳು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ತಾವೂ ಅದನ್ನೇ ಬಿಡುತ್ತಿದ್ದವು, ಇದ್ದ ಆಮ್ಲಜನಕವನ್ನು ಉಸಿರಾಡುತ್ತಿದ್ದವು. ಮೇಲಿಂದ ನಮ್ಮ ಬಾಟಲಿ ರಾತ್ರಿಯಿಡೀ ಅದೇ ಗಾಳಿಯನ್ನು ತುಂಬಿಸುತ್ತಿತ್ತು. ಇಂಥ ವ್ಯವಸ್ಥೆಯಲ್ಲಿ ದೀಪ ಆರಿಸುವ ಒಂದು ಗಂಟೆ ಮೊದಲೇ ಗಾಳಿಯನ್ನು ನಿಲ್ಲಿಸಬೇಕು. ಎಷ್ಟು ಕರಗಿದೆ ಎಂದು ತಿಳಿಯಲು ಬ್ರೋಮೋಥೈಮಾಲ್ ಬ್ಲೂ ದ್ರಾವಣದ ಸಣ್ಣ ಗಾಜಿನ ಬುಡ್ಡಿಯನ್ನು ತೊಟ್ಟಿಯೊಳಗೆ ತೂಗುಹಾಕುತ್ತಾರೆ. ನೀಲಿ ಎಂದರೆ ಕಡಿಮೆ, ಹಸಿರು ಎಂದರೆ ಸಾಕು, ಹಳದಿ ಎಂದರೆ ಮೀನಿಗೆ ಅಪಾಯ. ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು, ಹಾಗಾಗಿ ಆತುರದಿಂದ ಗಾಳಿ ಹೆಚ್ಚಿಸಬಾರದು. ನಾವು ಬಣ್ಣವನ್ನೂ ನೋಡಿರಲಿಲ್ಲ, ಗಡಿಯಾರವನ್ನೂ ನೋಡಿರಲಿಲ್ಲ.

1780ರಲ್ಲಿ ಪ್ರೀಸ್ಟ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದರು. ಜೇಮ್ಸ್ ವಾಟ್, ವೆಜ್‌ವುಡ್, ಇರಾಸ್ಮಸ್ ಡಾರ್ವಿನ್ ಮುಂತಾದವರಿದ್ದ ಲೂನಾರ್ ಸೊಸೈಟಿಯ ಗೆಳೆತನ ಸಿಕ್ಕಿತು. ಹನ್ನೊಂದು ವರ್ಷ ನೆಮ್ಮದಿಯಿಂದ ಕಳೆದವು. ಆದರೆ ಅವರು ಲ್ಯಾಬಿನೊಳಗೆ ಮಾತ್ರ ಇರುವ ಮನುಷ್ಯರಲ್ಲ. ದೇವರು ಒಬ್ಬನೇ, ಕ್ರೈಸ್ತರ ತ್ರಿತ್ವದ ಬೋಧನೆ ಸರಿಯಲ್ಲ ಎಂದು ಬರೆದರು. ಭಿನ್ನಮತೀಯರಿಗೆ ಸಮಾನ ಹಕ್ಕು ಬೇಕೆಂದು ವಾದಿಸಿದರು. ಅಮೆರಿಕದ, ಫ್ರಾನ್ಸಿನ ಕ್ರಾಂತಿಗಳ ಪರವಾಗಿ ನಿಂತರು. 1791ರ ಜುಲೈ 14ರಂದು, ಫ್ರಾನ್ಸಿನ ಕ್ರಾಂತಿಯ ನೆನಪಿಗೆ ಊರಿನ ಹೋಟೆಲೊಂದರಲ್ಲಿ ಊಟದ ಕೂಟ ನಡೆಯಿತು. ಪ್ರೀಸ್ಟ್ಲಿ ಅದಕ್ಕೆ ಹೋಗಿರಲೇ ಇಲ್ಲ. ಆದರೂ ಸಂಜೆ ಕೆರಳಿದ ಗುಂಪು ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಹಚ್ಚಿ, ಅವರ ಮನೆಯ ಕಡೆಗೆ ನಡೆಯಿತು.

ಅವರು ರಾತ್ರಿಯೂಟ ಮುಗಿಸಿ ಹೆಂಡತಿಯ ಜೊತೆ ಬ್ಯಾಕ್‌ಗ್ಯಾಮನ್ ಆಟಕ್ಕೆ ಕೂರುವ ಹೊತ್ತಿಗೆ ಸುದ್ದಿ ಬಂತು. ಉಟ್ಟ ಬಟ್ಟೆಯಲ್ಲೇ ಹೊರಟರು. ಮನೆಯಲ್ಲಿದ್ದ ಬೆಂಕಿಯನ್ನೆಲ್ಲ ಮೊದಲೇ ಆರಿಸಿಬಿಟ್ಟಿದ್ದರಿಂದ ಗುಂಪಿಗೆ ಸುಡಲು ಕಿಡಿ ಸಿಗಲಿಲ್ಲ. ಅವರ ವಿದ್ಯುತ್ ಯಂತ್ರವನ್ನು ತಿರುಗಿಸಿ ಕಿಡಿ ಹುಟ್ಟಿಸಲು ಪ್ರಯತ್ನಪಟ್ಟರಂತೆ. ಅದೂ ಆಗಲಿಲ್ಲ. ಕೊನೆಗೆ ಎಲ್ಲಿಂದಲೋ ಬೆಂಕಿ ತಂದರು. ಮನೆ, ಪುಸ್ತಕ ಭಂಡಾರ, ವರ್ಷಗಳ ಹಸ್ತಪ್ರತಿಗಳು, ಆ ಕಾಲದ ಅತ್ಯುತ್ತಮ ಲ್ಯಾಬುಗಳಲ್ಲಿ ಒಂದು, ಎಲ್ಲ ಹೋಯಿತು. ಒಡೆಯುತ್ತಿರುವ ಸದ್ದು ಸ್ವಲ್ಪ ದೂರದಲ್ಲಿದ್ದ ಅವರಿಗೆ ಕೇಳಿಸುತ್ತಿತ್ತು. ಪೂರ್ತಿ ನಾಲ್ಕು ದಿನ ಊರಿನಲ್ಲಿ ಭಿನ್ನಮತೀಯರ ಮನೆಗಳ ಮೇಲೆ ದಾಳಿ ನಡೆಯಿತು. ಮೇಣದಬತ್ತಿ ಏಕೆ ಆರುತ್ತದೆ ಎಂದು ಜೀವಮಾನವಿಡೀ ಹುಡುಕಿದವರ ಮನೆ ಉರಿದು ಹೋದದ್ದನ್ನು ಓದುವಾಗ ನಾವು ಐವರೂ ಸುಮ್ಮನಾಗಿದ್ದೆವು.

ಲಂಡನ್ ಬಳಿಯ ಹ್ಯಾಕ್ನಿಯಲ್ಲಿ ಮೂರು ವರ್ಷ ಇದ್ದರು. ರಾಯಲ್ ಸೊಸೈಟಿಯ ಹಲವು ಹಳೆಯ ಗೆಳೆಯರೇ ಮುಖ ತಿರುಗಿಸತೊಡಗಿದರು. 1794ರ ಏಪ್ರಿಲಿನಲ್ಲಿ, 61ನೆಯ ವಯಸ್ಸಿನಲ್ಲಿ, ಅಮೆರಿಕಕ್ಕೆ ಹಡಗು ಹತ್ತಿದರು. ಅವರು ಸಮುದ್ರದ ಮೇಲಿದ್ದಾಗಲೇ ಪ್ಯಾರಿಸಿನಲ್ಲಿ ಲವಾಸಿಯೆ ಅವರ ತಲೆಯನ್ನು ಗಿಲೊಟಿನ್ ಕಡಿಯಿತು. ಪೆನ್ಸಿಲ್ವೇನಿಯಾದ ನಾರ್ತಂಬರ್ಲೆಂಡ್ ಎಂಬ ನದಿ ದಂಡೆಯ ಊರಿನಲ್ಲಿ ಮತ್ತೆ ಮನೆ, ಮತ್ತೆ ಲ್ಯಾಬು ಕಟ್ಟಿದರು. ಮನೆ ಮುಗಿಯುವ ಮೊದಲೇ ಮಗ ಹ್ಯಾರಿ ತೀರಿಕೊಂಡ, ಮರುವರ್ಷ ಮೇರಿ ತೀರಿಕೊಂಡರು.

ಅವರ ಕತೆಯಲ್ಲಿ ನನಗೆ ಅರ್ಥವಾಗದ ಒಂದು ಭಾಗವಿದೆ. ಉರಿಯುವ ವಸ್ತುಗಳಲ್ಲಿ ಫ್ಲೋಜಿಸ್ಟನ್ ಎಂಬ ಪದಾರ್ಥವಿದ್ದು, ಉರಿಯುವಾಗ ಅದು ಹೊರಗೆ ಹೋಗುತ್ತದೆ ಎಂಬ ಹಳೆಯ ಸಿದ್ಧಾಂತವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆಮ್ಲಜನಕವನ್ನು ಕೈಯಲ್ಲಿ ಹಿಡಿದವರು ಅದನ್ನು ಫ್ಲೋಜಿಸ್ಟನ್ ಕಳೆದುಕೊಂಡ ಗಾಳಿ ಎಂದೇ ಕರೆದರು. ಉಳಿದವರೆಲ್ಲ ಲವಾಸಿಯೆ ಕಡೆಗೆ ಸರಿದ ಮೇಲೂ, 1800ರಲ್ಲಿ ಫ್ಲೋಜಿಸ್ಟನ್ ಪರವಾಗಿ ಮತ್ತೊಂದು ಪುಸ್ತಕ ಬರೆದರು. ಚೀಲದ ವಿಷಯದಲ್ಲಿ ಸೋಲು ಒಪ್ಪಿದವರು, ಪಾಚಿಯ ವಿಷಯದಲ್ಲಿ ತಿದ್ದಿಕೊಂಡವರು, ಇಲ್ಲಿ ಮಾತ್ರ ಏಕೆ ಹಟ ಹಿಡಿದರೋ! ಸರ್ ಅವರನ್ನು ಕೇಳಿದಾಗ, ಉಪಕರಣ ಬದಲಾಯಿಸುವುದು ಸುಲಭ, ಯೋಚಿಸುವ ರೀತಿಯನ್ನೇ ಬದಲಾಯಿಸುವುದು ಕಷ್ಟ ಎಂದರು. ನನಗೆ ಆ ಉತ್ತರ ಇನ್ನೂ ಪೂರ್ತಿ ಸಮಾಧಾನ ಕೊಟ್ಟಿಲ್ಲ.

1804ರ ಫೆಬ್ರವರಿ 6ರ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ತಮ್ಮ ಬರಹದ ಕೆಲವು ತಿದ್ದುಪಡಿಗಳನ್ನು ಹೇಳಿ ಬರೆಸಿದರು. ಈಗ ಸರಿಯಾಯಿತು ಎಂದು ಒಪ್ಪಿದ ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡರು. ಗಿಡ ಎಷ್ಟು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ, ನೀರೂ ಹೇಗೆ ಗಿಡದ ತೂಕಕ್ಕೆ ಸೇರುತ್ತದೆ ಎಂದು ಅಳೆದು ತೋರಿಸಿದ ಸೊಸ್ಯೂರ್ ಅವರ ಪುಸ್ತಕ ಬಂದದ್ದು ಅದೇ 1804ರಲ್ಲಿ.

ಲ್ಯಾಬಿನ ತೊಟ್ಟಿ ಈಗ ಮತ್ತೆ ನಡೆಯುತ್ತಿದೆ. ಮೀನು ನಾಲ್ಕೇ ಇವೆ, ಹೊಸದನ್ನು ಇನ್ನೂ ಬಿಟ್ಟಿಲ್ಲ. ಚೆಕ್ ವಾಲ್ವ್ ಸರಿಯಾದ ದಿಕ್ಕಿನಲ್ಲಿದೆ. ಸಂಜೆ ನಾಲ್ಕಕ್ಕೆ ಬಾಟಲಿಯ ತಿರುಪನ್ನು ಮುಚ್ಚುವ ಸರದಿಯ ಪಟ್ಟಿ ಗೋಡೆಯಲ್ಲಿ ಅಂಟಿಸಿದ್ದೇವೆ. ಮಧ್ಯಾಹ್ನದ ಬಿಡುವಿನಲ್ಲಿ ಬಂದರೆ ಹೈಡ್ರಿಲ್ಲಾದ ಎಲೆಗಳಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುವುದನ್ನು ನೋಡಬಹುದು. ಆ ಗುಳ್ಳೆಗಳು ನಮ್ಮ ಬಾಟಲಿಯದ್ದಲ್ಲ.